ಜನರಿಲ್ಲದ ಕಾಶಿ: ರಾಮಕುಮಾರರ ಭೂದೃಶ್ಯಚಿತ್ರಗಳು

ಕಾಶಿಯನ್ನು ಚಿತ್ರಿಸಹೊರಟ ಕಲಾವಿದನು ಅಲ್ಲಿಯ ಜನರನ್ನೇ ಕೈಬಿಟ್ಟರೆ ಅದು ಕಾಶಿಯ ಚಿತ್ರವಾದೀತೆ? ರಾಮಕುಮಾರರ (೧೯೨೪–೨೦೧೮) ವಾರಣಾಸಿ ಚಿತ್ರಗಳೆದುರು ನಿಂತ ರಸಿಕನಲ್ಲಿ ಮೊದಲು ಏಳುವ ಪ್ರಶ್ನೆ ಇದು.

ಶಿಮ್ಲಾದಲ್ಲಿ ಹುಟ್ಟಿ, ದಿಲ್ಲಿಯಲ್ಲಿ ಅರ್ಥಶಾಸ್ತ್ರವನ್ನು ಓದಿ, ೧೯೪೮ರಲ್ಲಿ ಬ್ಯಾಂಕಿನ ನೌಕರಿಯನ್ನು ತೊರೆದ ಇವರು ಪ್ಯಾರಿಸಿನಲ್ಲಿ ಆಂದ್ರೆ ಲೋತ್, ಫೆರ್ನಾಂ ಲೆಜೆ ಅವರ ಬಳಿ ಕಲಾಭ್ಯಾಸ ಮಾಡಿದರು. ಹಿಂದಿಯಲ್ಲಿ ಕತೆಗಳನ್ನೂ ಬರೆದರು. ಐವತ್ತರ ದಶಕದ ಅವರ ಚಿತ್ರಗಳ ತುಂಬ ನಗರದ ನಿರುದ್ಯೋಗಿಗಳ ಬಾಡಿದ ಮುಖಗಳೇ. ೧೯೬೦ರಲ್ಲಿ ಹುಸೇನರೊಡನೆ ಕಾಶಿಗೆ ಹೋಗಿಬಂದ ತರುವಾಯ ಆ ಮುಖಗಳು ಮರೆಯಾದುವು.

ಕಾಶಿಯ ಘಾಟುಗಳನ್ನು ಚಿತ್ರಿಸುವ ಪರಿಪಾಠ ಹೊಸತಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ಲರು ದಶಾಶ್ವಮೇಧ ಘಾಟನ್ನು ಪ್ರವಾಸಿಯ ಕಣ್ಣಿನಿಂದ ಚಿತ್ರಿಸಿದರು. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ನಿಯಮ ಅಲ್ಲಿ ಎಲ್ಲಿಯೂ ತಪ್ಪಿಲ್ಲ. ರಾಮಕುಮಾರರು ಕೈಬಿಟ್ಟುದು ಆ ನಿಯಮವನ್ನೇ. ಇಲ್ಲಿ ಮನೆಯ ಮೇಲೆ ಮನೆ ಒತ್ತಿಕೊಂಡು ನಿಂತಿದೆ. ಗೋಡೆ, ಮೆಟ್ಟಿಲು, ಕಿಟಕಿಯ ಕರಿಯ ತೆರಪು. ಬೂದಿ, ಕಂದು, ಕಪ್ಪು ಬಣ್ಣಗಳು. ನೋಡುವವನು ದೂರ ನಿಂತು ಸವಿಯಲು ಎಡೆಯೇ ಇಲ್ಲ.

ಇದನ್ನು ಮಾನವವಿಮುಖತೆಯೆಂದು ಆಕ್ಷೇಪಿಸುವವರಿರಬಹುದು. ನಮಗೆ ಹಾಗೆನಿಸದು. ಮುಖವಿದ್ದರೆ ನಾವು ಅದರ ಕತೆಯನ್ನು ಕೇಳುತ್ತೇವೆ. ಆ ಒಬ್ಬನಿಗಾಗಿ ಮರುಗಿ ಸುಮ್ಮನಾಗುತ್ತೇವೆ. ಸ್ವತಃ ಕತೆಗಾರರಾದ ರಾಮಕುಮಾರರು ಕತೆಯನ್ನು ಲೇಖನಿಗೆ ಬಿಟ್ಟು, ಮುಖದ ಮೇಲಿನ ದುಃಖವನ್ನು ಗೋಡೆಗಳಿಗೆ ವಹಿಸಿದರು. ಊರುಬಿಟ್ಟು ಬಂದ ನಮ್ಮಂಥವರ ನೆನಪಿನಲ್ಲಿಯೂ ಮುಖಗಳು ಮೊದಲು ಮಸಕಾಗಿ, ಮನೆಯ ಗೋಡೆ ಮೆಟ್ಟಿಲುಗಳೇ ಕೊನೆಗೆ ಉಳಿಯುವುದಿಲ್ಲವೆ?

ಆದರೆ ಅವರ ಮುಂದಿನ ಹಾದಿಯನ್ನೆಲ್ಲ ಇದೇ ಮಾತಿನಿಂದ ಸಮರ್ಥಿಸಲಾಗದು. ಬರಬರುತ್ತ ಮನೆಗಳೂ ಕರಗಿ, ನೀಲಿ ಹಸುರುಗಳ ಬೀಸುಗಳಷ್ಟೇ ಚಿತ್ರಪಟವನ್ನು ತುಂಬಿದುವು. ಅವುಗಳಲ್ಲಿ ವರ್ಣಸೌಷ್ಠವವಿದೆಯೆಂಬುದು ನಿರ್ವಿವಾದ. ಆದರೂ ಇದು ಯಾವ ನೆಲ ಎಂಬ ಪ್ರಶ್ನೆಗೆ ಉತ್ತರವಿಲ್ಲದೆಡೆಯಲ್ಲಿ ವೇದನೆಯೂ ಸಡಿಲವಾಗುತ್ತದೆ. ಭೂದೃಶ್ಯಚಿತ್ರಕ್ಕೆ ಸ್ಥಳದ ಹೋಲಿಕೆ ಬೇಕೆಂದಿಲ್ಲ. ಸ್ಥಳದ ಹಿಡಿತವಂತೂ ಬೇಕು. ಅರವತ್ತರ ದಶಕದ ಮೊದಲ ಕೆಲವು ವರ್ಷಗಳ ಕೃತಿಗಳಲ್ಲಿ ಆ ಹಿಡಿತವಿದೆ. ಜನರಿಲ್ಲದಿದ್ದರೂ ಅವು ಕಾಶಿಯ ಚಿತ್ರಗಳೇ ಎಂದು ನಮ್ಮ ಅಭಿಪ್ರಾಯ.