ಫ್ಲಾರೆನ್ಸಿನಲ್ಲಿ ಒಂದು ಹಗಲು: ರಸ್ಕಿನ್ ಮತ್ತು ಫಾರ್ಸ್ಟರ್

ತೀರ್ಥಯಾತ್ರೆಗೆ ಹೋದವರು ಕ್ಷೇತ್ರಪುರೋಹಿತನ ಬಾಯಿಂದ ಸ್ಥಳಮಾಹಾತ್ಮ್ಯವನ್ನು ಕೇಳಿ, ಆತನು ತೋರಿಸಿದುದಕ್ಕೆಲ್ಲ ಕೈಮುಗಿದು ಮರಳುವುದು ಬಹುಕಾಲದ ವಾಡಿಕೆ. ಕಲಾಕ್ಷೇತ್ರಗಳ ಯಾತ್ರೆಯಲ್ಲಿಯೂ ಈ ವಾಡಿಕೆಯೇ ನಡೆದುಬಂದಿದೆ. ಥಾಮಸ್ ಕುಕ್ ಎಂಬ ಆಂಗ್ಲೇಯನು 1864ರಲ್ಲಿ ಯಾತ್ರಿಕರ ತಂಡವನ್ನು ಮೊದಲ ಬಾರಿಗೆ ಇತಾಲಿಗೆ ಕರೆದೊಯ್ದನು. ಅಂದಿನಿಂದ ಅಲ್ಲಿಯ ಪುರಾತನ ನಗರಗಳು ತಂಡಗಳ ಕಾಲ್ದುಳಿತಕ್ಕೆ ಒಗ್ಗಿಹೋಗಿವೆ. ಇಂದು ಲಿವೋರ್ನೊ ಬಂದರಿನಲ್ಲಿ ಹಡಗಿನಿಂದಿಳಿದು ಬಸ್ಸನ್ನೇರಿ ಬರುವವರಿಗೆ ಫ್ಲಾರೆನ್ಸಿನಲ್ಲಿ ದೊರೆಯುವುದು ಒಂದೇ ಹಗಲು. ಮಾರ್ಗದರ್ಶಕನು ಎತ್ತಿಹಿಡಿದ ಕೊಡೆಯೇ ಅವರಿಗೆ ಧ್ವಜ. ಸಾಂತಾ ಕ್ರೋಚೆ ಎಂಬ ಇಗರ್ಜಿಯಲ್ಲಿ ಮೈಕೆಲಾಂಜೆಲೊ, ಗೆಲಿಲಿಯೊ, ಮಾಕಿಯಾವೆಲ್ಲಿ ಇವರ ಸಮಾಧಿಗಳನ್ನು ಕಂಡು, ಅದೇ ಸಾಲಿನಲ್ಲಿ 1829ರಲ್ಲಿ ನಿಲ್ಲಿಸಿದ ಡಾಂಟೆಯ ಸ್ಮಾರಕಕ್ಕೂ ಅವರು ತಲೆಬಾಗುತ್ತಾರೆ. ಆ ಸ್ಮಾರಕವಾದರೋ ಬರಿದು. ಹುಟ್ಟೂರಿನಿಂದ ಬಹಿಷ್ಕೃತನಾದ ಆ ಮಹಾಕವಿಯು 1321ರಲ್ಲಿ ರವೆನ್ನಾದಲ್ಲಿ ತೀರಿಕೊಂಡು ಅಲ್ಲಿಯೇ ಮಣ್ಣಾಗಿದ್ದಾನೆ.

ಹೀಗೆ ಹೋದವರು ಕಂಡದ್ದೇನು, ಕೇಳಿದ್ದೇನು? ಈ ಪ್ರಶ್ನೆಯನ್ನು ಆಂಗ್ಲಸಾಹಿತ್ಯದ ಎರಡು ಗ್ರಂಥಗಳು ಇದೇ ಇಗರ್ಜಿಯೊಳಗೆ ನಿಂತು ವಿಚಾರಿಸಿವೆ. ಒಂದು, ಜಾನ್ ರಸ್ಕಿನ್ನನು 1875ರಿಂದ 1877ರವರೆಗೆ ಬಿಡಿಬಿಡಿಯಾಗಿ ಪ್ರಕಟಿಸಿದ 'ಮಾರ್ನಿಂಗ್ಸ್ ಇನ್ ಫ್ಲಾರೆನ್ಸ್'. ಮತ್ತೊಂದು, ಇ. ಎಂ. ಫಾರ್ಸ್ಟರನು 1908ರಲ್ಲಿ ಬರೆದ 'ಎ ರೂಮ್ ವಿತ್ ಎ ವ್ಯೂ' ಎಂಬ ಕಾದಂಬರಿ.

ರಸ್ಕಿನ್ನನ ವಾಣಿ ಗುರುವಾಣಿ. ಯಾತ್ರಿಕನು ನಿರ್ಮಲವಾದ ಒಂದು ಬೆಳಗನ್ನು ಕಾದಿರಬೇಕು. ಸೂರ್ಯೋದಯಕ್ಕೇ ಎದ್ದು, ದುರ್ಬೀನನ್ನು ಕಿಸೆಯಲ್ಲಿಟ್ಟುಕೊಂಡು ಸಾಂತಾ ಕ್ರೋಚೆಗೆ ಹೋಗಬೇಕು. ಅಲ್ಲಿ ಜೊತ್ತೊ ಎಂಬ ಚಿತ್ರಕಾರನು ಗೋಡೆಯ ಮೇಲೆ ಬರೆದುದನ್ನು ಸಾವಧಾನವಾಗಿ ನೋಡಬೇಕು: ಇದು ಆತನ ವಿಧಿ. ನೆಲಕ್ಕೆ ಹಾಸಿದ ಗೋರಿಕಲ್ಲೊಂದರ ಮೇಲೆ ವೃದ್ಧನೊಬ್ಬನ ಆಕೃತಿಯಿದೆ. ಕಾಲ್ತುಳಿತದಿಂದ ಸವೆದಿದ್ದರೂ ಆತನ ಟೊಪ್ಪಿಗೆಯ ಮಡಿಕೆಗಳು ಉಳಿದಿವೆ. ಆ ಗೆರೆಗಳ ಚೆಲುವನ್ನು ಅರಿಯಬಲ್ಲವನಿಗೆ ಫ್ಲಾರೆನ್ಸಿನ ಉಳಿದ ಶಿಲ್ಪಿಗಳೂ ಚಿತ್ರಕಾರರೂ ತಿಳಿದಾರು ಎಂಬುದು ರಸ್ಕಿನ್ನನು ಒಡ್ಡುವ ಪರೀಕ್ಷೆ. ಮಾತು ಕಠಿನವಾದರೂ ಉದ್ದೇಶ ಉದಾತ್ತವಾದುದು. ಹತ್ತು ವಸ್ತುಗಳನ್ನು ಬಿಟ್ಟು ಒಂದರ ಮುಂದೆ ನಿಲ್ಲುವ ತಾಳ್ಮೆಯನ್ನು ಆತನು ಕಲಿಸಲೆಳಸಿದನು.

ಗುರುವಾಕ್ಯವು ಶಿಷ್ಯರ ಬಾಯಲ್ಲಿ ಏನಾಗುವುದೆಂಬುದನ್ನು ಫಾರ್ಸ್ಟರನು ತೋರಿಸುತ್ತಾನೆ. ಕಾದಂಬರಿಯ ಎರಡನೆಯ ಅಧ್ಯಾಯದಲ್ಲಿ ಲೂಸಿ ಎಂಬ ತರುಣಿಯು ಕೈಪಿಡಿ ಪುಸ್ತಕವನ್ನು ಜೊತೆಗಾತಿಯಿಂದ ಕಳೆದುಕೊಂಡು ಈ ಇಗರ್ಜಿಯಲ್ಲಿ ಒಂಟಿಯಾಗುತ್ತಾಳೆ. ನೆಲದ ತುಂಬ ಗೋರಿಕಲ್ಲುಗಳು; ರಸ್ಕಿನ್ನನು ಎಲ್ಲಕ್ಕಿಂತ ಹೆಚ್ಚಾಗಿ ಹೊಗಳಿದ ಕಲ್ಲು ಯಾವುದೆಂದು ಹೇಳುವವರಿಲ್ಲ. ಹೇಳುವವರಿಲ್ಲದುದರಿಂದ ಯಾವುದನ್ನು ಮೆಚ್ಚಬೇಕೆಂಬುದೂ ಆಕೆಗೆ ತಿಳಿಯದು! ಅಷ್ಟರಲ್ಲಿ ಪುಟ್ಟ ಬಾಲಕನೊಬ್ಬನು ಅಂತಹುದೇ ಒಂದು ಕಲ್ಲಿನ ಮೇಲಿನ ಬಿಷಪ್ಪನ ಉಬ್ಬುಮುಖಕ್ಕೆ ಕಾಲುಸಿಕ್ಕಿ ಮುಗ್ಗರಿಸುತ್ತಾನೆ. ಪಕ್ಕದ ಗುಡಿಯಲ್ಲಿ ಪಾದ್ರಿಯೊಬ್ಬನು ತನ್ನ ತಂಡಕ್ಕೆ ಜೊತ್ತೊವಿನ ಭಕ್ತಿಯನ್ನು ಕುರಿತು ಉಪನ್ಯಾಸ ನಡೆಸಿರುವಾಗ, ಎಮರ್ಸನ್ ಎಂಬ ವೃದ್ಧನು ನಡುವೆ ಬಾಯಿಹಾಕಿ, ಭಕ್ತಿಯಿಂದ ಕಟ್ಟಿದರೆಂದರೆ ಕೆಲಸಗಾರರಿಗೆ ಸರಿಯಾಗಿ ಕೂಲಿ ಕೊಡಲಿಲ್ಲವೆಂದೇ ಅರ್ಥವೆನ್ನುತ್ತಾನೆ. ಸ್ವರ್ಗಕ್ಕೇರುವ ಸಂತ ಯೋಹಾನನು ಆತನ ಕಣ್ಣಿಗೆ ಬೆಲೂನಿನಂತೆ ಹಾರುವ ಸ್ಥೂಲಕಾಯನಾಗಿ ತೋರುತ್ತಾನೆ.

ಇಲ್ಲಿ ವಾಚಕರು ನಕ್ಕು ಎಮರ್ಸನ್ನನ ಪಕ್ಷವನ್ನು ವಹಿಸುವುದು ಸಹಜ. ಆದರೆ ತುಸು ನಿಧಾನಿಸಬೇಕು. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಪಾದ್ರಿಯ ತಂಡಕ್ಕೆ ಶಬ್ದಪ್ರಮಾಣ ಮಾತ್ರ ಉಂಟು, ಎಮರ್ಸನ್ನನಿಗೆ ಪ್ರತ್ಯಕ್ಷ ಮಾತ್ರ ಉಂಟು. ಆ ವೃದ್ಧನ ಕಣ್ಣು ಪ್ರಾಮಾಣಿಕವಾದರೂ ಸಂಸ್ಕಾರವಿಲ್ಲದ್ದು. ಬಿದ್ದ ಮಗುವನ್ನು ಎತ್ತುವಷ್ಟು ಕರುಣೆ ಆತನಲ್ಲಿದೆ, ಚಿತ್ರವನ್ನು ಕಾಣುವಷ್ಟು ತಾಳ್ಮೆಯಿಲ್ಲ. ಕಾವ್ಯಾಭ್ಯಾಸದಿಂದ ಮನಸ್ಸನ್ನು ಕನ್ನಡಿಯಂತೆ ನಿರ್ಮಲಗೊಳಿಸಿಕೊಂಡವನೇ ಸಹೃದಯನೆಂದು ಅಭಿನವಗುಪ್ತನ ಮತ. ಉಜ್ಜದ ಕನ್ನಡಿಯಲ್ಲಿ ಬಿಂಬ ಮೂಡದು. ಪರರ ಮಾತಿನ ಧೂಳು ಕವಿದ ಕನ್ನಡಿಯಲ್ಲಿಯೂ ಮೂಡದು. ಫಾರ್ಸ್ಟರನು ಎರಡನೆಯ ದೋಷವನ್ನು ಚೆನ್ನಾಗಿ ತೋರಿಸಿ, ಮೊದಲನೆಯದನ್ನು ನಗೆಯಲ್ಲಿ ತೇಲಿಸಿಬಿಟ್ಟಿದ್ದಾನೆ. ಇದು ಆ ಅಧ್ಯಾಯದ ಕೊರತೆ.

ಆದರೆ ಗುರುವಿನ ಕಣ್ಣೇ ಮೋಸಹೋದರೆ? ಬಾರ್ಡಿ ಗುಡಿಯ ಜೊತ್ತೊವಿನ ಚಿತ್ರಗಳು ಸುಣ್ಣದ ಕೆಳಗೆ ಮುಚ್ಚಿಹೋಗಿದ್ದು, ಹತ್ತೊಂಬತ್ತನೆಯ ಶತಮಾನದ ನಡುವೆ ಹೊರಬಂದವು. ಬಿಯಾಂಕಿ ಎಂಬ ಜೀರ್ಣೋದ್ಧಾರಕನು ಅಳಿದ ಎಡೆಗಳನ್ನು ಹೊಸ ಬಣ್ಣದಿಂದ ತುಂಬಿದನು. ರಸ್ಕಿನ್ನನು ಓದುಗರನ್ನು ನಿಲ್ಲಿಸಿದ ಗೋಡೆಯ ಮೇಲೆ ಈ ಎರಡನೆಯ ಕೈಯೂ ಇದ್ದಿತು. 1958-59ರಲ್ಲಿ ಆ ಹೊಸ ಬಣ್ಣವನ್ನು ತೆಗೆದುಹಾಕಿದರು. ಇಂದು ಸಂತ ಫ್ರಾನ್ಸಿಸನ ಅವಸಾನದ ಚಿತ್ರದ ನಡುವೆ ಬರಿಯ ಗಾರೆಯೇ ಕಾಣುತ್ತದೆ. ಆತನ ದೇಹವನ್ನು ಸುತ್ತುವರಿದ ಶಿಷ್ಯರ ಶೋಕವಾದರೋ ಆ ಬರಿದಾದ ಎಡೆಗಳ ನಡುವೆಯೂ ನೋಡುವವನನ್ನು ಹಿಡಿದು ನಿಲ್ಲಿಸುತ್ತದೆ. ಗುರುವು ಕೆಲವು ವಿವರಗಳಲ್ಲಿ ತಪ್ಪಿದರೂ ಆತನು ಕಲಿಸಿದ ನಿಲ್ಲುವ ವಿಧಾನವು ಸುಳ್ಳಾಗಲಿಲ್ಲ.

ಆದುದರಿಂದ ಒಂದು ಹಗಲಿನ ಯಾತ್ರಿಕನನ್ನು ಹಳಿಯಬೇಕಾದುದಿಲ್ಲ. ವರ್ಷಗಟ್ಟಲೆ ಇದ್ದೂ ಕಾಣದವರುಂಟು. ರಸ್ಕಿನ್ನನ ಮೊದಲ ಬೆಳಗನ್ನು ಮನೆಯಲ್ಲಿಯೇ ಓದಿ, ಪುಸ್ತಕವನ್ನು ಅಲ್ಲಿಯೇ ಬಿಟ್ಟು ಹೊರಡಬೇಕು. ಕೊಡೆ ಹಿಡಿದವನನ್ನು ಬೇಡಿ, ಇಗರ್ಜಿಯೊಳಗೆ ಅರ್ಧ ಗಂಟೆಯ ಮೌನವನ್ನು ಪಡೆದುಕೊಳ್ಳಬೇಕು. ಉಳಿದ ಹಗಲೆಲ್ಲ ತಂಡದ್ದಾಗಲಿ. ಆ ಅರ್ಧ ಗಂಟೆ ಅವನದಾದರೆ, ಊರಿಗೆ ಮರಳಿದ ಮೇಲೆ ಮನೆಯವರಿಗೆ ಹೇಳಲು ತಾನು ಕಂಡ ಒಂದು ಸಂಗತಿಯಾದರೂ ಅವನಲ್ಲಿರುವುದು.