ಮೈಯರಿತು ಹಚ್ಚಿದ ಚಿತ್ರ

ಗಾಜಿಗೆ ವಿನೈಲ್ ಹಚ್ಚುವುದನ್ನು ಒಮ್ಮೆ ನಿಂತು ನೋಡಬೇಕು. ತಮಿಳುನಾಡಿನ ಧರ್ಮಪುರಿಯಂಥ ಹೆದ್ದಾರಿ ಊರಿನಲ್ಲಿ ಹೊಸ ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಸ್ಟಿಕರ್‌ನವರು ಹಾಜರು. ಗಾಜನ್ನು ಒರೆಸಿ ಸೋಪಿನ ನೀರು ಚಿಮುಕಿಸುತ್ತಾರೆ. ಮಂಜುಗಾಜಿನಂಥ ಫ್ರಾಸ್ಟೆಡ್ ಹಾಳೆಯ ಹಿಂಬದಿ ಕಾಗದ ಬಿಡಿಸಿ, ಒದ್ದೆಯ ಮೇಲೆ ತೇಲಿಬಿಡುತ್ತಾರೆ. ನೀರಿರುವಷ್ಟು ಹೊತ್ತು ಅಂಟು ಹಿಡಿಯುವುದಿಲ್ಲ. ಬೆರಳ ತುದಿಯಲ್ಲೇ ಜರುಗಿಸಿ ಅಂಚಿಗೆ ಅಂಚು ಕೂಡಿಸಬಹುದು. ಆಮೇಲೆ ಸ್ಕ್ವೀಜಿ. ನಡುವಿನಿಂದ ಅಂಚಿನತ್ತ ಒಂದೊಂದೇ ಎಳೆತಕ್ಕೆ ನೀರೂ ಗಾಳಿಯೂ ಹೊರಬಿದ್ದು, ಹಾಳೆ ಗಾಜೇ ಆಗಿಬಿಡುತ್ತದೆ.

ಅಕ್ಷರದ ಕೆಲಸ ಇನ್ನೂ ನಾಜೂಕು. ಪ್ಲಾಟರ್ ಕೊಯ್ದುಕೊಟ್ಟ ಮೇಲೆ ಬೇಡದ ಭಾಗವನ್ನು ಸೂಜಿಮೊನೆಯಿಂದ ಕಿತ್ತು ತೆಗೆಯಬೇಕು. ತಮಿಳಾಗಲಿ ಕನ್ನಡವಾಗಲಿ, ನಮ್ಮದು ಗುಂಡು ಲಿಪಿ. ಒಂದೊಂದು ಸುಳಿಯ ಹೊಟ್ಟೆಯಲ್ಲೂ ಕಾಳಿನಷ್ಟು ವಿನೈಲ್ ಉಳಿದಿರುತ್ತದೆ; ಒಂದನ್ನು ಮರೆತರೂ ಅಕ್ಷರದ ಕಣ್ಣು ಮುಚ್ಚಿಹೋಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಒನ್ ವೇ ವಿಷನ್. ಹಾಳೆಯ ತುಂಬ ಸಣ್ಣ ತೂತುಗಳು, ಹೊರಮೈಗೆ ಬಣ್ಣ, ಒಳಮೈಗೆ ಕಪ್ಪು. ಹಗಲಲ್ಲಿ ಬೀದಿಯಿಂದ ನೋಡಿದರೆ ರೇಷ್ಮೆ ಸೀರೆಯುಟ್ಟ ಮದುಮಗಳು. ಒಳಗಿನವರಿಗೆ ತುಸು ಮಬ್ಬಾದ ಅದೇ ಬೀದಿ. ದೀಪ ಹತ್ತಿದ ಮೇಲೆ ಆಟ ತಿರುವುಮುರುವು. ಮದುಮಗಳು ತೆಳುವಾಗಿ, ಅವಳ ಹಿಂದೆ ಲೆಕ್ಕ ಬರೆಯುವ ಯಜಮಾನ ಕಾಣತೊಡಗುತ್ತಾನೆ.

ತೂತೂ ಚಿತ್ರದ ಪಾಲೇ ಎಂಬ ತಿಳಿವು ಈ ಸೀಮೆಗೆ ಹೊಸದಲ್ಲ. ಧರ್ಮಪುರಿ ತಗಡೂರು ಎನ್ನಿಸಿಕೊಂಡಿದ್ದ ಕಾಲದಲ್ಲಿ ನೊಳಂಬ ಅರಸರ ಊರು. 893ರ ಅವರ ಕನ್ನಡ ಶಾಸನ ಇಲ್ಲೇ ಸಿಕ್ಕಿದೆ. ಅವರ ಇನ್ನೊಂದು ನೆಲೆಯಾದ ಹೇಮಾವತಿಯ ದೊಡ್ಡೇಶ್ವರ ಗುಡಿಯ ಜಾಲಂಧ್ರಗಳನ್ನು ನೋಡಿ. ಕಲ್ಲನ್ನು ಕೊರೆದು ತೆಗೆದಲ್ಲಿ ಬೆಳಕು, ಉಳಿಸಿದಲ್ಲಿ ಬಳ್ಳಿ ಮತ್ತು ದೇವತೆ. ಹೊರಗಿನವನಿಗೆ ಶಿಲ್ಪ ಸಿಕ್ಕಿತು, ಒಳಗಿನವನಿಗೆ ಬೆಳಕು ತಪ್ಪಲಿಲ್ಲ.

ಧರ್ಮಪುರಿಯ ಕೋಟೆ ಗುಡಿಗಳಲ್ಲಿ ಮಲ್ಲಿಕಾರ್ಜುನನ ಮಂಟಪಕ್ಕೆ ಹೋದರೆ ತಲೆಯೆತ್ತಬೇಕು. ಭುವನೇಶ್ವರಿಯಲ್ಲಿ, ಎಂದರೆ ಛಾವಣಿಯ ನಡುವಿನ ಕೆತ್ತನೆಯಲ್ಲಿ, ಅಷ್ಟದಿಕ್ಪಾಲಕರಿದ್ದಾರೆ. ಮೂಡಲ ಇಂದ್ರನಿಗೆ, ಪಡುವಲ ವರುಣನಿಗೆ: ಇದು ದಿಕ್ಕಿಗೆ ಕಟ್ಟುಬಿದ್ದ ಚಿತ್ರ, ಚಪ್ಪಡಿಯನ್ನು ಅತ್ತಿತ್ತ ತಿರುಗಿಸಿದರೆ ಅರ್ಥವೇ ಕೆಡುತ್ತದೆ. ಪಕ್ಕದ ಕಾಮಾಕ್ಷಿ ಗುಡಿಯಲ್ಲಿ ರಾಮಾಯಣ ಅಧಿಷ್ಠಾನಕ್ಕಿಳಿದಿದೆ. ಪುಟ್ಟ ಪುಟ್ಟ ಶಿಲ್ಪಗಳು; ಪ್ರದಕ್ಷಿಣೆ ಹಾಕುವವನು ಬಗ್ಗಿ ನೋಡಬೇಕು. ಮೇಲಿನದಕ್ಕೆ ಕತ್ತೆತ್ತುವ ಕಣ್ಣು, ಕೆಳಗಿನದಕ್ಕೆ ನಡೆಯುವ ಕಾಲು. ಜಾಗ ಬದಲಾದಂತೆ ಚಿತ್ರದ ಮರ್ಯಾದೆಯೂ ಬೇರೆ.

ಇದೇ ಅಳತೆಗೋಲು ಹಿಡಿದರೆ ವಿನೈಲಿನಲ್ಲೂ ಕಾಳು ಜೊಳ್ಳು ಬೇರೆಯಾಗುತ್ತವೆ. ಕೆಂಪು ಬಳಿದ ಹೊಸಿಲಿಗೆ ಅಂಟಿಸಿದ ಬಿಳಿ ಎಳೆಯ ರಂಗೋಲಿ ಪಟ್ಟಿ ಚೆಂದ, ಅಲ್ಲಿ ಕೆಂಪಿಗೂ ಕೆಲಸವಿದೆ. ಬುದ್ಧಿವಂತರು ಅದರ ಮೂಲೆಗಳನ್ನು ದುಂಡಗೆ ಕತ್ತರಿಸುತ್ತಾರೆ. ಚೂಪು ಮೂಲೆ ಕಾಲಿಗೆ ಸಿಕ್ಕಿ ಮೊದಲು ಏಳುತ್ತದೆ, ಎದ್ದಲ್ಲಿ ಧೂಳು ಕರಿಗೆರೆ ಬರೆಯುತ್ತದೆ. ನೆಲದ ಗ್ರಾಫಿಕ್ಸ್ ಮೇಲೆ ತರಿತರಿಯಾದ ಲ್ಯಾಮಿನೇಶನ್ ಪದರ ಬೇಕು: ಬಣ್ಣ ಸವೆಯಬಾರದು, ಕಾಲು ಜಾರಬಾರದು. 2020ರ ಕೊರೊನಾ ಕಾಲದಲ್ಲಿ ಅಂತರ ಕಾಯಲೆಂದು ಬ್ಯಾಂಕು, ಔಷಧಿ ಅಂಗಡಿಗಳ ನೆಲದಲ್ಲಿ ಮೂಡಿದ ವೃತ್ತಗಳೂ ಪಾದದ ಗುರುತುಗಳೂ ಅಲಂಕಾರಕ್ಕೆ ಬಂದವಲ್ಲ, ಆದರೂ ನೆಲದ ಭಾಷೆಯನ್ನು ಸರಿಯಾಗಿ ಆಡಿದವು. ಜನ ಓದಲಿಲ್ಲ, ನಿಂತರು.

ಇತ್ತ ಒಳ್ಳೇ ಇಟ್ಟಿಗೆ ಗೋಡೆಗೆ ಇಟ್ಟಿಗೆಯದೇ ಚಿತ್ರ ಅಂಟಿಸುವವರಿದ್ದಾರೆ. ಗಾಳಿ ಬರುವ ಕಿಟಕಿ ಮುಚ್ಚಿ, ಅದರ ಮೇಲೆ ಸ್ವಿಟ್ಜರ್ಲೆಂಡಿನ ಕಿಟಕಿ ತೆರೆಯುವವರೂ ಇದ್ದಾರೆ. ಪ್ರಿಂಟು ಎಷ್ಟು ಸೊಗಸಾಗಿದ್ದರೂ ಅದು ಗೋಡೆಯ ಜೊತೆ ಜಗಳ.

ಡಿಸೈನ್ ಪುಸ್ತಕ ಬಿಚ್ಚುವ ಮೊದಲು, ಈ ಗಾಜಿಗೆ ಬಿಸಿಲು ಬೆಳಿಗ್ಗೆ ಬೀಳುತ್ತದೋ ಸಂಜೆಯೋ ಎಂದು ಕೇಳುವ ಸ್ಟಿಕರ್‌ನವನು ಸಿಕ್ಕರೆ ಚೌಕಾಶಿ ಮಾಡಬೇಡಿ. ಅವನಿಗೆ ಕೆಲಸ ಗೊತ್ತಿದೆ.