ಸಂಸ್ಥಾಪರಿಚಯವೂ ಕಾರ್ಯಪರಂಪರೆಯೂ: ಬ್ರಿಟಿಷ್ ಸರ್ಕಾರದ ಸಂಸ್ಥಾಸೂಚಿಯ ವಿಮರ್ಶೆ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣಕ್ಕೆ ಅಧ್ಯಕ್ಷಪ್ರಚಾರವೆಂದು ಹೆಸರು. ಅದರ ಏಳನೆಯ ಅಧ್ಯಾಯದಲ್ಲಿ ಅಕ್ಷಪಟಲವೆಂಬ ಲೆಕ್ಕಪತ್ರಗಳ ಕಚೇರಿಯ ವಿಧಿಯು ಬಂದಿದೆ. ರಾಜ್ಯದ ಇಲಾಖೆಗಳೆಷ್ಟು, ಒಂದೊಂದರ ಪ್ರಚಾರವೇನು, ಅದರಿಂದ ಹುಟ್ಟುವ ಆದಾಯವೆಷ್ಟು ಎಂಬಿವನ್ನು ಅಲ್ಲಿಯ ನಿಬಂಧಪುಸ್ತಕಗಳಲ್ಲಿ ಬರೆದಿಡತಕ್ಕದ್ದೆಂದು ಶಾಸ್ತ್ರಕಾರನ ಮತ. ಇಲ್ಲಿಯ ಪ್ರಚಾರಶಬ್ದಕ್ಕೆ ಇಂದಿನ ಕನ್ನಡದಲ್ಲಿ ರೂಢವಾಗಿರುವ ಅರ್ಥವನ್ನು ಹೇಳಲಾಗದು. ಕಾರ್ಯದ ವ್ಯಾಪ್ತಿ, ಅದರ ನಡೆವಳಿ ಎಂಬುದೇ ಅದರ ತಾತ್ಪರ್ಯ. ಸರ್ಕಾರದ ಅಂಗಗಳನ್ನು ಪರಿಚಯಿಸುವ ಯಾವ ಕೋಶವನ್ನಾದರೂ ಪರೀಕ್ಷಿಸುವುದಕ್ಕೆ ಈ ಒಂದು ಶಬ್ದವೇ ಒರೆಗಲ್ಲಾಗಬಲ್ಲುದು.

ಇಂತಹ ಕೋಶಗಳು ಈಗ ಗಣಕಯಂತ್ರದ ತಂತ್ರಾಂಶಗಳಾಗಿ ಬಳಕೆಗೆ ಬಂದಿವೆ. ಅವುಗಳಲ್ಲಿ ವಿಮರ್ಶೆಗೆ ಯೋಗ್ಯವಾದುದು ಬ್ರಿಟಿಷ್ ಸರ್ಕಾರದ ಗವ್.ಯುಕೆ ಜಾಲತಾಣದಲ್ಲಿರುವ ಸಂಸ್ಥಾಸೂಚಿ. ಈ ಜಾಲತಾಣವು ೨೦೧೨ರಲ್ಲಿ ಆರಂಭವಾಯಿತು. ಮಂತ್ರಿಶಾಖೆಗಳು, ಕಾರ್ಯಾಂಗಸಂಸ್ಥೆಗಳು ಮತ್ತು ಇತರ ಸಾರ್ವಜನಿಕ ಮಂಡಲಿಗಳಿಗೆ ಅದರಲ್ಲಿ ಪ್ರತ್ಯೇಕ ಪುಟಗಳುಂಟು. ಅದೇ ವಿಷಯವನ್ನು ಇತರ ತಂತ್ರಾಂಶಗಳು ಓದಿಕೊಳ್ಳಲು ಅನುಕೂಲವಾದ ರೂಪದಲ್ಲಿಯೂ ಒದಗಿಸಿದ್ದಾರೆ. ಸಂಸ್ಥೆಯ ಹೆಸರು, ಸಂಕ್ಷೇಪನಾಮ, ವರ್ಗ, ಮೇಲಣ ಸಂಸ್ಥೆ, ಅಧೀನಸಂಸ್ಥೆ, ಹಿಂದೆ ಇದ್ದುದು, ಮುಂದೆ ಬಂದುದು, ಮುಚ್ಚಿದ ದಿನ ಎಂಬ ಅಂಗಗಳು ಅದರಲ್ಲಿವೆ.

ಈ ಸೂಚಿಯ ಮುಖ್ಯ ಗುಣವು ಸತ್ತ ಸಂಸ್ಥೆಗಳನ್ನು ಮರೆಯದಿರುವುದು. ಸಂಸ್ಥೆಯೊಂದು ಮುಚ್ಚಿದಾಗ ಅದು ಒಡೆಯಿತೋ, ಇನ್ನೊಂದರಲ್ಲಿ ಸೇರಿತೋ, ಹೆಸರನ್ನು ಮಾತ್ರ ಬದಲಿಸಿತೋ, ಇಲ್ಲವೇ ನಿಶ್ಶೇಷವಾಯಿತೋ ಎಂಬ ಭೇದವನ್ನು ಸೂಚಿಯು ಮಾಡುತ್ತದೆ. ಹಸ್ತಪ್ರತಿಗಳ ವಂಶವೃಕ್ಷವನ್ನು ಗುರುತಿಸುವ ಗ್ರಂಥಸಂಪಾದಕರಿಗೆ ಈ ಕ್ರಮದ ಬೆಲೆಯು ವಿದಿತವೇ ಆಗಿದೆ. ೨೦೧೬ರಲ್ಲಿ ಎರಡು ಶಾಖೆಗಳು ಕೂಡಿ ವಾಣಿಜ್ಯ, ಇಂಧನ ಮತ್ತು ಕೈಗಾರಿಕಾ ನೀತಿಯ ಶಾಖೆಯೊಂದು ಹುಟ್ಟಿತು. ೨೦೨೩ರ ಫೆಬ್ರವರಿಯಲ್ಲಿ ಅದನ್ನು ಒಡೆದು, ವಾಣಿಜ್ಯ ಮತ್ತು ವ್ಯಾಪಾರಕ್ಕೆ ಒಂದು, ಇಂಧನಭದ್ರತೆಗೆ ಒಂದು, ವಿಜ್ಞಾನ ಮತ್ತು ತಂತ್ರಜ್ಞಾನಕ್ಕೆ ಒಂದು, ಹೀಗೆ ಮೂರು ಶಾಖೆಗಳನ್ನು ನಿರ್ಮಿಸಿದರು. ಏಳು ವರ್ಷವೂ ತುಂಬದೆ ಅಳಿದುಹೋದ ಆ ಶಾಖೆಯ ಹೆಸರನ್ನು ಹಳೆಯ ಕಾಗದದಲ್ಲಿ ಕಂಡವನು ಈ ಸೂಚಿಯ ಸಹಾಯದಿಂದ ಅದರ ಉತ್ತರಾಧಿಕಾರಿಗಳನ್ನು ತಿಳಿಯಬಹುದು.

ಆದರೆ ದೋಷವು ಇಲ್ಲಿಯೇ ಅಡಗಿದೆ. ಸೂಚಿಯ ಅಂಗಗಳು ಸಂಸ್ಥೆಯನ್ನು ಸಂಸ್ಥೆಗೆ ಜೋಡಿಸುವುವೇ ಹೊರತು ಕಾರ್ಯವನ್ನು ಕಾರ್ಯಕ್ಕೆ ಜೋಡಿಸುವುದಿಲ್ಲ. ಮನೆಯೊಂದು ಮೂರು ಪಾಲಾಯಿತೆಂದು ಹೇಳಿ, ಸಾಲವು ಯಾರ ಪಾಲಿಗೆ ಬಂದಿತೆಂಬುದನ್ನು ಬಿಟ್ಟಂತಾಯಿತು. ಹಿಂದಣ ಶಾಖೆಯು ಕೊಟ್ಟ ಅನುಜ್ಞೆಗೆ, ಮಾಡಿದ ತೀರ್ಮಾನಕ್ಕೆ, ಒಪ್ಪಿಕೊಂಡ ಪರಿಹಾರಕ್ಕೆ ಮೂವರಲ್ಲಿ ಉತ್ತರವಾದಿ ಯಾರು ಎಂಬುದೇ ಪ್ರಜೆಯ ಪ್ರಶ್ನೆ. ಅದಕ್ಕೆ ಮೂರು ಹೆಸರುಗಳ ಪಟ್ಟಿಯು ಉತ್ತರವಾಗಲಾರದು. ಕಾರ್ಯವಿಭಾಗವನ್ನು ತಿಳಿಸುವುದು ಶಾಸನಗಳ ಕೆಲಸ, ಸೂಚಿಯದಲ್ಲ ಎಂದು ಆಕ್ಷೇಪಿಸಬಹುದು. ಆದರೆ ಪದಗಳನ್ನು ಕೊಟ್ಟು ಅರ್ಥಕ್ಕಾಗಿ ಕಾವ್ಯಗಳನ್ನೆಲ್ಲ ಓದಿರೆಂದು ಹೇಳುವ ನಿಘಂಟನ್ನು ಯಾರೂ ಪೂರ್ಣವೆಂದು ಒಪ್ಪುವುದಿಲ್ಲ.

ಈ ವಿಚಾರವು ಬ್ರಿಟನ್ನಿಗೆ ಮಾತ್ರ ಸೇರಿದುದಲ್ಲ. ಮೈಸೂರಿನಲ್ಲಿ ೧೮೯೧ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯು ೧೯೧೬ರಲ್ಲಿ ವಿಶ್ವವಿದ್ಯಾನಿಲಯದ ಅಧೀನಕ್ಕೆ ಬಂದು, ೧೯೪೩ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆಯಿತು. ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅರ್ಥಶಾಸ್ತ್ರವನ್ನು ಪ್ರಕಟಿಸಿದುದು ಹಳೆಯ ಹೆಸರಿನ ಗ್ರಂಥಮಾಲೆಯಲ್ಲಿ. ಹೆಸರು ಬದಲಾಯಿತು, ಒಡೆತನ ಬದಲಾಯಿತು. ಓಲೆಗರಿಗಳನ್ನು ಕಾಪಾಡುವ ಹೊಣೆ ಮಾತ್ರ ಉಳಿಯಿತು. ಸಂಶೋಧಕನಿಗೆ ಬೇಕಾದುದು ಆ ಹೊಣೆಯ ಎಳೆ.

ಭಾರತದಲ್ಲಿ ರಾಷ್ಟ್ರೀಯ ಸೂಚನಾವಿಜ್ಞಾನ ಕೇಂದ್ರವು ನಡೆಸುವ ಇಂಟಿಗ್ರೇಟೆಡ್ ಗವರ್ನಮೆಂಟ್ ಆನ್‌ಲೈನ್ ಡೈರೆಕ್ಟರಿಯು ಸರ್ಕಾರದ ಜಾಲತಾಣಗಳಿಗೆ ದಾರಿ ತೋರಿಸುವ ಸೂಚಿ. ಆದರೆ ಶಾಸನವು ಬಯಸುವುದು ದಾರಿಗಿಂತಲೂ ಹೆಚ್ಚಿನದನ್ನು. ೨೦೦೫ರ ಮಾಹಿತಿ ಹಕ್ಕು ಅಧಿನಿಯಮದ ೪(೧)(ಬಿ) ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ೧೭ ವಿಷಯಗಳನ್ನು ತಾನಾಗಿಯೇ ಪ್ರಕಟಿಸಿ ವರ್ಷವರ್ಷವೂ ತಿದ್ದತಕ್ಕದ್ದೆಂದು ವಿಧಿಸಿದೆ. ಅವುಗಳಲ್ಲಿ ಮೊದಲನೆಯದೇ ಸಂಸ್ಥೆಯ ರಚನೆ, ಕಾರ್ಯ ಮತ್ತು ಕರ್ತವ್ಯಗಳು. ೬(೩) ಪ್ರಕರಣದಂತೆ, ತನಗೆ ಸೇರದ ವಿಷಯದ ಅರ್ಜಿಯು ಬಂದಾಗ ಕಚೇರಿಯು ಅದನ್ನು ೫ ದಿನಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ಕಳುಹಿಸತಕ್ಕದ್ದು. ಯಾವ ಹೊಣೆ ಯಾರದೆಂದು ತಿಳಿದಿರಬೇಕಾದ ಭಾರವನ್ನು ಈ ನಿಯಮವು ಅರ್ಜಿದಾರನಿಂದ ತೆಗೆದು ಕಚೇರಿಯ ಮೇಲಿಟ್ಟಿದೆ. ಹೀಗಿರಲು, ಸಂಸ್ಥಾಕೋಶವು ಕರ್ತವ್ಯವೇ ಹೊರತು ಉಪಕಾರವಲ್ಲ.

ಭಾಷೆಯ ವಿಚಾರವೂ ಉಪೇಕ್ಷಣೀಯವಲ್ಲ. ಅದೇ ಅಧಿನಿಯಮದ ೪(೪) ಪ್ರಕರಣವು ಪ್ರಕಟನೆಯಲ್ಲಿ ಸ್ಥಳೀಯ ಭಾಷೆಯನ್ನು ಗಮನಿಸಬೇಕೆನ್ನುತ್ತದೆ. ಮೈಸೂರಿನವರು ವಿಶ್ವವಿದ್ಯಾನಿಲಯವೆಂದೂ ಹಂಪಿಯವರು ವಿಶ್ವವಿದ್ಯಾಲಯವೆಂದೂ ಬರೆಯುವರು. ಅಕ್ಷರಕ್ಕೆ ಅಕ್ಷರ ಹೋಲಿಸುವ ತಂತ್ರಾಂಶವು ಒಂದನ್ನು ಹುಡುಕಿದವನಿಗೆ ಮತ್ತೊಂದನ್ನು ತೋರಿಸಲಾರದು. ಯೂನಿಕೋಡಿಗೆ ಹೊಂದದ ಹಳೆಯ ಕನ್ನಡ ಲಿಪಿಮಾದರಿಗಳಲ್ಲಿ ಸಿದ್ಧವಾದ ಕಡತಗಳು ಕಣ್ಣಿಗೆ ಕನ್ನಡವಾಗಿ ತೋರಿದರೂ ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ಸಂಜ್ಞೆಗಳಾಗಿರುತ್ತವೆ. ಪಾಠಾಂತರಗಳನ್ನು ಒಟ್ಟುಗೂಡಿಸುವ ವಿದ್ಯೆಯು ಕನ್ನಡ ಪಂಡಿತರಿಗೆ ಹೊಸದಲ್ಲ. ತಂತ್ರಾಂಶಕಾರರಿಗೆ ಅವರ ನೆರವು ಅವಶ್ಯವಾದ ಸ್ಥಳವಿದು.

ಒಟ್ಟಿನಲ್ಲಿ, ಬ್ರಿಟಿಷ್ ಸೂಚಿಯು ನಾಮಪರಂಪರೆಯನ್ನು ಉಳಿಸಿ ಅನುಕರಣೀಯವಾಗಿದೆ. ಕಾರ್ಯಪರಂಪರೆಯನ್ನು ಬಿಟ್ಟು ಅಪೂರ್ಣವಾಗಿದೆ. ಪ್ರತಿಯೊಂದು ಕರ್ತವ್ಯಕ್ಕೂ ಅದನ್ನು ವಿಧಿಸಿದ ಶಾಸನ, ಅದು ಬಂದ ದಿನ, ಹಿಂದೆ ಹೊತ್ತವರು, ಈಗ ಹೊತ್ತವರು ಎಂಬ ನಾಲ್ಕು ಅಂಗಗಳನ್ನು ಸೇರಿಸಿದಲ್ಲಿ ಈ ಕೊರತೆಯು ನೀಗುವುದು. ಅಲ್ಲಿಯವರೆಗೆ ಸಂಸ್ಥೆಗಳು ತಮ್ಮನ್ನು ಕುರಿತು ತಾವೇ ಬರೆದುಕೊಂಡ ಪರಿಚಯಗಳು ಈಗಿನ ಅರ್ಥದ ಪ್ರಚಾರವಾಗಿಯೇ ಉಳಿಯುವುವು. ಕೌಟಿಲ್ಯನ ಅರ್ಥದ ಪ್ರಚಾರವಾಗಲಾರವು.